ಹೆಸರಿಗೂ ಒಂದು ಬೆಲೆ: ರೋಲ್ಸ್-ರಾಯ್ಸ್ ಇತಿಹಾಸದಿಂದ ವರ್ತಕರಿಗೆ ಕೆಲವು ಪಾಠಗಳು

ಯಾವುದೇ ವ್ಯಾಪಾರ ಸಂಸ್ಥೆಯ ಅಢಾವೆ ಪತ್ರಿಕೆಯನ್ನು ತೆರೆದು ನೋಡಿದರೆ ಜಮೀನು, ಕಟ್ಟಡ, ಯಂತ್ರೋಪಕರಣ, ದಾಸ್ತಾನು, ಗಿರಾಕಿಗಳಿಂದ ಬರಬೇಕಾದ ಬಾಕಿ ಮುಂತಾದವು ಅಂಕಿಗಳ ರೂಪದಲ್ಲಿ ಕಾಣಿಸುತ್ತವೆ. ಆದರೆ ಗಿರಾಕಿಯನ್ನು ಅಂಗಡಿಯ ಬಾಗಿಲಿಗೆ ಕರೆತರುವ ಹೆಸರು ಬಹುತೇಕ ಸಂದರ್ಭಗಳಲ್ಲಿ ಆ ಪಟ್ಟಿಯಲ್ಲಿ ಇರುವುದಿಲ್ಲ. ಪಟ್ಟಿಯಲ್ಲಿ ಇಲ್ಲವೆಂಬ ಕಾರಣಕ್ಕೆ ಆ ಆಸ್ತಿಗೆ ಬೆಲೆಯಿಲ್ಲವೆಂದಾಗಲಿ, ಅದು ಯಾರಿಗೆ ಸೇರಿದ್ದು ಎಂಬುದನ್ನು ಬರೆದಿಡಬೇಕಾಗಿಲ್ಲವೆಂದಾಗಲಿ ಭಾವಿಸುವುದು ಅಪಾಯಕರ. ಜಗತ್ತಿನ ಅತ್ಯಂತ ಪ್ರತಿಷ್ಠಿತ ಮೋಟಾರು ಕಾರುಗಳಲ್ಲೊಂದಾದ ರೋಲ್ಸ್-ರಾಯ್ಸ್‌ನ ಇತಿಹಾಸವು ಈ ಮಾತಿಗೆ ಉತ್ತಮ ನಿದರ್ಶನವಾಗಿದೆ. 1998ರಲ್ಲಿ ಜರ್ಮನಿಯ ಒಂದು ಕಂಪನಿಯು 43 ಕೋಟಿ ಪೌಂಡುಗಳನ್ನು ತೆತ್ತು ಈ ಕಾರುಗಳ ಕಾರ್ಖಾನೆಯನ್ನು ಕೊಂಡಿತು. ಅದೇ ದೇಶದ ಇನ್ನೊಂದು ಕಂಪನಿಯು ಕೇವಲ 4 ಕೋಟಿ ಪೌಂಡುಗಳಿಗೆ ಹೆಸರನ್ನು ಬಳಸುವ ಹಕ್ಕನ್ನು ಪಡೆಯಿತು. ಕೊನೆಗೆ ರೋಲ್ಸ್-ರಾಯ್ಸ್ ಕಾರನ್ನು ತಯಾರಿಸುವ ಅಧಿಕಾರ ಉಳಿದದ್ದು ಎರಡನೆಯವರಿಗೆ. ಇದು ಹೇಗೆ ಸಂಭವಿಸಿತು ಎಂಬುದನ್ನು ಅರಿಯಲು ಆರಂಭದಿಂದಲೇ ಹೊರಡುವುದು ಉಚಿತ.

ಎರಡು ಹೆಸರು, ಒಂದು ಕರಾರು

ಫ್ರೆಡರಿಕ್ ಹೆನ್ರಿ ರಾಯ್ಸ್ ಅವರು 1863ರಲ್ಲಿ ಇಂಗ್ಲೆಂಡಿನ ಪೀಟರ್‌ಬರೋ ಸಮೀಪದ ಆಲ್ವಾಲ್ಟನ್ ಗ್ರಾಮದಲ್ಲಿ ಹಿಟ್ಟಿನ ಗಿರಣಿ ನಡೆಸುತ್ತಿದ್ದ ಕುಟುಂಬದಲ್ಲಿ ಜನಿಸಿದರು. ಬಡತನದ ಕಾರಣ ಬಾಲ್ಯದಲ್ಲಿಯೇ ವೃತ್ತಪತ್ರಿಕೆ ಮಾರಿ, ತಂತಿ ಸಂದೇಶಗಳನ್ನು ಮನೆಮನೆಗೆ ಮುಟ್ಟಿಸಿ ಜೀವನ ಸಾಗಿಸಬೇಕಾಯಿತು. ರೈಲ್ವೆ ಕಾರ್ಯಾಗಾರದಲ್ಲಿ ಕೆಲಕಾಲ ಕೆಲಸ ಕಲಿತ ಅವರು 1884ರಲ್ಲಿ ಮ್ಯಾಂಚೆಸ್ಟರ್ ನಗರದಲ್ಲಿ ಸ್ವಂತ ಉದ್ದಿಮೆಯನ್ನು ಆರಂಭಿಸಿ ವಿದ್ಯುತ್ ಉಪಕರಣಗಳನ್ನೂ ಡೈನಮೋಗಳನ್ನೂ ವಿದ್ಯುತ್ ಕ್ರೇನುಗಳನ್ನೂ ತಯಾರಿಸತೊಡಗಿದರು. ತಾವು ಕೊಂಡ ಹಳೆಯ ಫ್ರೆಂಚ್ ಕಾರೊಂದರ ಕೆಲಸಗಾರಿಕೆಯಿಂದ ತೃಪ್ತರಾಗದೆ, ಅದಕ್ಕಿಂತ ಉತ್ತಮವಾದುದನ್ನು ತಾವೇ ಮಾಡಲು ನಿರ್ಧರಿಸಿದರು. ಹೀಗೆ 1904ರಲ್ಲಿ ಅವರ ಮೊದಲ ಹತ್ತು ಅಶ್ವಶಕ್ತಿಯ ಕಾರು ರಸ್ತೆಗಿಳಿಯಿತು.

ಚಾರ್ಲ್ಸ್ ಸ್ಟೂವರ್ಟ್ ರೋಲ್ಸ್ ಅವರ ಹಿನ್ನೆಲೆ ಇದಕ್ಕೆ ಸಂಪೂರ್ಣ ಭಿನ್ನ. 1877ರಲ್ಲಿ ಶ್ರೀಮಂತ ಕುಲೀನ ಮನೆತನದಲ್ಲಿ ಹುಟ್ಟಿ, ಕೇಂಬ್ರಿಜ್‌ನಲ್ಲಿ ವ್ಯಾಸಂಗ ಮಾಡಿ, ಲಂಡನ್ನಿನಲ್ಲಿ ಯೂರೋಪಿನ ಕಾರುಗಳನ್ನು ತರಿಸಿ ಮಾರುವ ಮಳಿಗೆಯನ್ನು ತೆರೆದಿದ್ದರು. ಪರದೇಶದ ಕಾರುಗಳಿಗೆ ಸರಿಸಾಟಿಯಾದ ಇಂಗ್ಲಿಷ್ ಕಾರೊಂದು ದೊರೆಯಬೇಕೆಂಬ ಹಂಬಲ ಅವರದು. 1904ರ ಮೇ 4ರಂದು ಮ್ಯಾಂಚೆಸ್ಟರಿನ ಮಿಡ್‌ಲ್ಯಾಂಡ್ ಹೋಟೆಲಿನಲ್ಲಿ ಇವರಿಬ್ಬರ ಭೇಟಿಯಾಯಿತು. ಅದೇ ವರ್ಷದ ಡಿಸೆಂಬರ್ 23ರಂದು ಲಿಖಿತ ಕರಾರು ಏರ್ಪಟ್ಟಿತು. ರಾಯ್ಸ್ ತಯಾರಿಸಿದ ಕಾರುಗಳನ್ನು ರೋಲ್ಸ್ ಅವರೇ ಮಾರಬೇಕು, ಕಾರುಗಳಿಗೆ ರೋಲ್ಸ್-ರಾಯ್ಸ್ ಎಂಬ ಹೆಸರಿರಬೇಕು ಎಂಬುದು ಅದರ ಸಾರಾಂಶ. ತಯಾರಕನ ಕೈಚಳಕಕ್ಕೆ ವರ್ತಕನ ಪರಿಚಯ ವಲಯ ಕೂಡಿಕೊಂಡ ಈ ಏರ್ಪಾಡಿನಲ್ಲಿ ಹೆಸರಿನ ಪ್ರಶ್ನೆಯನ್ನು ಮೊದಲ ದಿನವೇ ಕಾಗದದ ಮೇಲೆ ಇತ್ಯರ್ಥಗೊಳಿಸಿದ್ದು ಗಮನಾರ್ಹ. 1906ರ ಮಾರ್ಚ್‌ನಲ್ಲಿ ರೋಲ್ಸ್-ರಾಯ್ಸ್ ಲಿಮಿಟೆಡ್ ಕಂಪನಿ ಸ್ಥಾಪನೆಯಾಯಿತು.

ಕೀರ್ತಿ ಬೆಳೆದ ಬಗೆ

ಈ ಇಬ್ಬರ ನಡುವೆ ಮೂರನೆಯ ವ್ಯಕ್ತಿಯೊಬ್ಬರಿದ್ದರು. ರೋಲ್ಸ್ ಅವರ ಮಳಿಗೆಯಲ್ಲಿ ಸಹೋದ್ಯೋಗಿಯಾಗಿದ್ದು ಬಳಿಕ ಕಂಪನಿಯ ಆಡಳಿತವನ್ನು ನಿರ್ವಹಿಸಿದ ಕ್ಲಾಡ್ ಜಾನ್ಸನ್ ಅವರನ್ನು ರೋಲ್ಸ್ ಮತ್ತು ರಾಯ್ಸ್ ಎಂಬ ಹೆಸರುಗಳ ನಡುವಿನ ಕಿರುಗೆರೆ ಎಂದು ಬಣ್ಣಿಸುವುದುಂಟು. ಜಾಹೀರಾತಿನ ಮಾತಿಗಿಂತ ಸಾರ್ವಜನಿಕ ಪರೀಕ್ಷೆಯೇ ಹೆಚ್ಚು ನಂಬಿಕೆ ಹುಟ್ಟಿಸುತ್ತದೆ ಎಂಬುದನ್ನು ಅವರು ಚೆನ್ನಾಗಿ ಅರಿತಿದ್ದರು. 1907ರಲ್ಲಿ ಬೆಳ್ಳಿಯ ಬಣ್ಣ ಬಳಿದು, ಬೆಳ್ಳಿಯ ಲೇಪವಿದ್ದ ಬಿಡಿಭಾಗಗಳನ್ನು ಜೋಡಿಸಿದ 'ಸಿಲ್ವರ್ ಘೋಸ್ಟ್' ಎಂಬ ಕಾರನ್ನು ರಾಯಲ್ ಆಟೋಮೊಬೈಲ್ ಕ್ಲಬ್ಬಿನ ವೀಕ್ಷಕರ ಸಮಕ್ಷಮದಲ್ಲಿ ಲಂಡನ್ ಮತ್ತು ಗ್ಲಾಸ್ಗೋ ನಗರಗಳ ನಡುವೆ ಹಗಲಿರುಳು ಓಡಿಸಲಾಯಿತು. ಆರಂಭದಲ್ಲೊಮ್ಮೆ ರಸ್ತೆಯ ಕುಲುಕಾಟಕ್ಕೆ ಇಂಧನದ ನಲ್ಲಿ ತಾನಾಗಿಯೇ ಮುಚ್ಚಿಕೊಂಡು ಕಾರು ನಿಂತಿತು. ಅದರ ಬಳಿಕ 14,371 ಮೈಲಿ, ಅಂದರೆ ಸುಮಾರು 23,000 ಕಿಲೋಮೀಟರ್‌ಗಳನ್ನು ಅದು ಕೆಟ್ಟು ನಿಲ್ಲದೆ ಕ್ರಮಿಸಿತು. ತರುವಾಯ ಕಾರನ್ನು ಬಿಚ್ಚಿ ಒಂದೊಂದು ಭಾಗವನ್ನೂ ಪರಿಶೀಲಿಸಿದಾಗ ಎಂಜಿನ್ನಿನ ಮುಖ್ಯ ಭಾಗಗಳಲ್ಲಿ ಅಳತೆಗೆ ಸಿಗುವಷ್ಟು ಸವೆತ ಕಂಡುಬರಲಿಲ್ಲ. 'ಜಗತ್ತಿನ ಅತ್ಯುತ್ತಮ ಕಾರು' ಎಂಬ ಬಿರುದು ಇದೇ ಕಾಲದಲ್ಲಿ ಪ್ರಚಾರಕ್ಕೆ ಬಂದಿತು.

1908ರಲ್ಲಿ ಡರ್ಬಿ ನಗರದಲ್ಲಿ ಹೊಸ ಕಾರ್ಖಾನೆ ಆರಂಭವಾಯಿತು. ಅದುವರೆಗೆ ಹಲವು ಮಾದರಿಗಳನ್ನು ತಯಾರಿಸುತ್ತಿದ್ದ ಕಂಪನಿಯು ಜಾನ್ಸನ್ ಅವರ ಸಲಹೆಯಂತೆ ಉಳಿದವನ್ನೆಲ್ಲ ಕೈಬಿಟ್ಟು ಒಂದೇ ಮಾದರಿಗೆ ತನ್ನನ್ನು ಸೀಮಿತಗೊಳಿಸಿಕೊಂಡಿತು. 1922ರಲ್ಲಿ ಚಿಕ್ಕ ಕಾರೊಂದು ಬರುವವರೆಗೆ ಈ ನಿಯಮ ಮುಂದುವರಿಯಿತು. ಮಾರಾಟದ ಅವಕಾಶವನ್ನು ತಾನಾಗಿ ಬಿಟ್ಟುಕೊಟ್ಟಂತೆ ತೋರುವ ಈ ನಿರ್ಧಾರವೇ ಗುಣಮಟ್ಟವನ್ನು ಕಾಪಾಡಿತು. 1911ರಲ್ಲಿ ಶಿಲ್ಪಿ ಚಾರ್ಲ್ಸ್ ಸೈಕ್ಸ್ ಅವರು ರೂಪಿಸಿದ, ಗಾಳಿಗೆ ಉಡುಪನ್ನು ಹರಡಿ ಮುಂದಕ್ಕೆ ಬಾಗಿದ ಸ್ತ್ರೀಯ ಪ್ರತಿಮೆಯು ಕಾರಿನ ಮುಂಭಾಗವನ್ನು ಅಲಂಕರಿಸಿತು. 'ಸ್ಪಿರಿಟ್ ಆಫ್ ಎಕ್ಸ್‌ಟಸಿ' ಎಂದು ಪ್ರಸಿದ್ಧವಾದ ಈ ಪ್ರತಿಮೆ ಮತ್ತು ದೇವಾಲಯದ ಕಂಬಗಳನ್ನು ಹೋಲುವ ಮುಂಭಾಗದ ಜಾಲರಿ ಮುಂದೆ ಪ್ರತ್ಯೇಕ ಆಸ್ತಿಗಳಾಗಿ ಪರಿಣಮಿಸಲಿದ್ದವು.

ರೋಲ್ಸ್ ಅವರು 1910ರಲ್ಲಿ, ತಮ್ಮ 32ನೆಯ ವಯಸ್ಸಿನಲ್ಲಿ, ಬೋರ್ನ್‌ಮತ್ ಎಂಬಲ್ಲಿ ವಿಮಾನ ಅಪಘಾತಕ್ಕೆ ಬಲಿಯಾದರು. ರಾಯ್ಸ್ ಅವರು 1933ರಲ್ಲಿ ತೀರಿಕೊಂಡರು. ಸ್ಥಾಪಕರು ಮರೆಯಾದರೂ ಹೆಸರು ಮರೆಯಾಗಲಿಲ್ಲ. 1958ರಲ್ಲಿ ಜಾಹೀರಾತು ತಜ್ಞ ಡೇವಿಡ್ ಓಗಿಲ್ವಿ ಅವರು ಈ ಕಾರಿಗಾಗಿ ಬರೆದ ಪ್ರಸಿದ್ಧ ಜಾಹೀರಾತಿನ ಶೀರ್ಷಿಕೆಯಲ್ಲಿ ಹೊಗಳಿಕೆಯ ವಿಶೇಷಣ ಒಂದೂ ಇರಲಿಲ್ಲ. ಗಂಟೆಗೆ 60 ಮೈಲಿ ವೇಗದಲ್ಲಿಯೂ ಕಾರಿನೊಳಗೆ ಹೆಚ್ಚು ಸದ್ದು ಕೇಳುವುದು ಗಡಿಯಾರದ್ದು ಎಂಬ ಒಂದೇ ಸಂಗತಿಯನ್ನು ಅದು ತಿಳಿಸಿತು. ಕೆಳಗೆ ತಾಂತ್ರಿಕ ವಿವರಗಳ ಪಟ್ಟಿಯಿತ್ತು. ಸರಕಿನಲ್ಲಿ ಸತ್ವವಿದ್ದಾಗ ಸಂಗತಿಯನ್ನು ಇದ್ದಂತೆ ಹೇಳಿದರೆ ಸಾಕು.

ಭಾರತದ ಸಂಸ್ಥಾನಗಳಲ್ಲಿ

ಸ್ವಾತಂತ್ರ್ಯಪೂರ್ವದ ಭಾರತದ ರಾಜಮಹಾರಾಜರು ಈ ಕಾರುಗಳ ದೊಡ್ಡ ಗಿರಾಕಿಗಳಾಗಿದ್ದರು. 1908ರಲ್ಲಿ ಮುಂಬಯಿ ಮತ್ತು ಕೊಲ್ಹಾಪುರದ ನಡುವಿನ ಘಟ್ಟದ ರಸ್ತೆಗಳಲ್ಲಿ ನಡೆದ ಪರೀಕ್ಷೆಯಲ್ಲಿ ಭಾಗವಹಿಸಿ ಹೆಸರು ಗಳಿಸಿದ ರೋಲ್ಸ್-ರಾಯ್ಸ್ ಕಾರನ್ನು ಗ್ವಾಲಿಯರ್ ಮಹಾರಾಜರು ಕೊಂಡರು. ಆ ಕಾಲದಲ್ಲಿ ಕಂಪನಿಯು ಎಂಜಿನ್ ಹಾಗೂ ಚಾಸಿಯನ್ನು ಮಾತ್ರ ತಯಾರಿಸುತ್ತಿದ್ದು, ಮೈಕಟ್ಟನ್ನು ಗಿರಾಕಿಯ ಇಚ್ಛೆಯಂತೆ ಬೇರೆ ಕಸಬುದಾರ ಸಂಸ್ಥೆಗಳು ನಿರ್ಮಿಸುತ್ತಿದ್ದವು. ಬೇಟೆಗೆ, ಮೆರವಣಿಗೆಗೆ, ಅಂತಃಪುರದವರ ಸಂಚಾರಕ್ಕೆ ಬೇರೆಬೇರೆ ವಿನ್ಯಾಸಗಳು ಸಾಧ್ಯವಾದದ್ದು ಹೀಗೆ. ಮೈಸೂರು ಅರಸರು ಏಳೇಳು ಕಾರುಗಳನ್ನು ಒಟ್ಟಿಗೆ ಕೊಳ್ಳುತ್ತಿದ್ದರೆಂದೂ, ಅದರಿಂದಾಗಿ ದೊಡ್ಡ ಖರೀದಿಗೆ 'ಮೈಸೂರು ಮಾಡುವುದು' ಎಂಬ ಮಾತು ಮಾರಾಟಗಾರರ ನಡುವೆ ಹುಟ್ಟಿತೆಂದೂ ಹೇಳುವುದುಂಟು.

ಮಳಿಗೆಯಲ್ಲಿ ಅವಮಾನಿತರಾದ ಮಹಾರಾಜರೊಬ್ಬರು ಕಾರುಗಳನ್ನು ಕೊಂಡು ತಂದು ಊರಿನ ಕಸ ಸಾಗಿಸಲು ಬಳಸಿದರೆಂಬ ಕಥೆಯೂ ಜನಜನಿತವಾಗಿದೆ. ಅದೇ ಕಥೆಯನ್ನು ಒಮ್ಮೆ ಆಳ್ವಾರ್ ಅರಸರ ಹೆಸರಿನಲ್ಲಿ, ಇನ್ನೊಮ್ಮೆ ಬೇರೊಬ್ಬ ಅರಸರ ಹೆಸರಿನಲ್ಲಿ ಹೇಳುವುದರಿಂದಲೇ ಅದನ್ನು ದಂತಕಥೆಯೆಂದು ಪರಿಗಣಿಸಬೇಕಾಗುತ್ತದೆ. ಆದರೂ ಅದರಲ್ಲೊಂದು ವ್ಯಾಪಾರದ ಸತ್ಯವಿದೆ. ಕಸ ಹೊರಲು ಬಳಸಿದರೆ ಅವಮಾನವಾಗುವಷ್ಟು ಮಾನ ಆ ಹೆಸರಿಗೆ ಇತ್ತು.

ನಿಗದಿತ ಬೆಲೆಯ ಕರಾರು ಮತ್ತು 1971ರ ಪತನ

ಮೊದಲನೆಯ ಮಹಾಯುದ್ಧದ ಕಾಲದಿಂದ ಕಂಪನಿಯು ವಿಮಾನದ ಎಂಜಿನ್ನುಗಳನ್ನೂ ತಯಾರಿಸುತ್ತಿತ್ತು. ಎರಡನೆಯ ಮಹಾಯುದ್ಧದಲ್ಲಿ ಸ್ಪಿಟ್‌ಫೈರ್ ಮತ್ತು ಹರಿಕೇನ್ ವಿಮಾನಗಳಿಗೆ ಶಕ್ತಿಯೊದಗಿಸಿದ ಮರ್ಲಿನ್ ಎಂಜಿನ್ ಇದರದೇ. ಆ ಎಂಜಿನ್ನಿಗಾಗಿ ಕ್ರೂ ಎಂಬ ಊರಿನಲ್ಲಿ ಕಟ್ಟಿದ ಕಾರ್ಖಾನೆಗೆ 1946ರಲ್ಲಿ ಕಾರುಗಳ ತಯಾರಿಕೆ ಸ್ಥಳಾಂತರಗೊಂಡಿತು. 1931ರಲ್ಲಿ ಖರೀದಿಸಿದ್ದ ಬೆಂಟ್ಲಿ ಕಾರುಗಳೂ ಅಲ್ಲಿಯೇ ತಯಾರಾದವು. ಕ್ರಮೇಣ ವಿಮಾನದ ಎಂಜಿನ್ ಮುಖ್ಯ ವ್ಯವಹಾರವಾಗಿ, ಕಾರು ಅದರ ಒಂದು ಸಣ್ಣ ಶಾಖೆಯಾಗಿ ಉಳಿಯಿತು.

1968ರಲ್ಲಿ ಕಂಪನಿಯು ಅಮೆರಿಕದ ಲಾಕ್‌ಹೀಡ್ ಸಂಸ್ಥೆಯ ಟ್ರೈಸ್ಟಾರ್ ವಿಮಾನಕ್ಕಾಗಿ ಆರ್‌ಬಿ 211 ಎಂಬ ಹೊಸ ಎಂಜಿನ್ನನ್ನು ನಿಗದಿತ ಬೆಲೆಗೆ ಒದಗಿಸಲು ಒಪ್ಪಿಕೊಂಡಿತು. ಎಂಜಿನ್ ಆಗ ಇನ್ನೂ ಅಭಿವೃದ್ಧಿಯ ಹಂತದಲ್ಲಿತ್ತು. ತೂಕ ಇಳಿಸಲು ಇಂಗಾಲದ ನಾರಿನಿಂದ ಮಾಡಿದ ಪಂಖದ ಅಲಗುಗಳು ಹಕ್ಕಿ ಬಡಿದರೆ ತಾಳುತ್ತವೆಯೇ ಎಂಬ ಪರೀಕ್ಷೆಯಲ್ಲಿ ವಿಫಲವಾದ್ದರಿಂದ ಟೈಟಾನಿಯಂ ಅಲಗುಗಳಿಗೆ ಮರಳಬೇಕಾಯಿತು. 1970ರ ಸೆಪ್ಟೆಂಬರ್ ವೇಳೆಗೆ ಅಭಿವೃದ್ಧಿ ವೆಚ್ಚ ಸುಮಾರು 17 ಕೋಟಿ ಪೌಂಡುಗಳಿಗೆ ಏರಿತು. ಇದು ಮೂಲ ಅಂದಾಜಿನ ಸರಿಸುಮಾರು ಇಮ್ಮಡಿ. ಅಷ್ಟೇ ಅಲ್ಲದೆ, ಒಂದೊಂದು ಎಂಜಿನ್ನನ್ನು ತಯಾರಿಸುವ ವೆಚ್ಚವೇ ಒಪ್ಪಿಕೊಂಡ ಮಾರಾಟ ಬೆಲೆಯನ್ನು ಮೀರಿತು. ಮಾರಿದಷ್ಟೂ ನಷ್ಟವೆಂಬ ಸ್ಥಿತಿ ಒದಗಿತು. 1971ರ ಫೆಬ್ರವರಿ 4ರಂದು ಕಂಪನಿಯು ದಿವಾಳಿಯೆದ್ದು, ನ್ಯಾಸಪಾಲಕರ ವಶಕ್ಕೆ ಹೋಯಿತು. ಡರ್ಬಿಯಲ್ಲಿ ತಲೆಮಾರುಗಳಿಂದ ಅದನ್ನೇ ನಂಬಿದ್ದ ಕುಟುಂಬಗಳಿಗೂ, ಬಿಡಿಭಾಗ ಒದಗಿಸುತ್ತಿದ್ದ ಸಣ್ಣ ತಯಾರಕರಿಗೂ ಅದು ದೊಡ್ಡ ಆಘಾತ. ಬ್ರಿಟಿಷ್ ಸರ್ಕಾರವು ವಿಮಾನ ಎಂಜಿನ್ ವ್ಯವಹಾರವನ್ನು ರಾಷ್ಟ್ರೀಕರಿಸಿತು.

ಇಲ್ಲಿ ಗಮನಿಸಬೇಕಾದುದೇನೆಂದರೆ, ಆರ್‌ಬಿ 211 ಕೆಟ್ಟ ಎಂಜಿನ್ ಆಗಿರಲಿಲ್ಲ. ಮುಂದೆ ಅದು ಯಶಸ್ವಿಯಾಯಿತು. ಇಂದಿನ ಟ್ರೆಂಟ್ ಎಂಜಿನ್ನುಗಳು ಅದರ ವಂಶದವೇ. ಸೋತದ್ದು ವೆಚ್ಚದ ಅಂದಾಜು ಮತ್ತು ಕರಾರಿನ ಷರತ್ತುಗಳು. ಅರವತ್ತು ವರ್ಷಗಳ ಕೀರ್ತಿಯೂ ಒಂದು ತಪ್ಪು ಕರಾರಿನಿಂದ ಕಂಪನಿಯನ್ನು ಕಾಪಾಡಲಿಲ್ಲ.

ಹೆಸರಿನ ಒಡೆತನ: 1973ರಿಂದ 1998

ಕಾರುಗಳ ವಿಭಾಗವನ್ನು ಬೇರ್ಪಡಿಸಿ, 1973ರಲ್ಲಿ ರೋಲ್ಸ್-ರಾಯ್ಸ್ ಮೋಟಾರ್ಸ್ ಎಂಬ ಕಂಪನಿಯಾಗಿ ಸಾರ್ವಜನಿಕರಿಗೆ ಮಾರಲಾಯಿತು. ಕಾರ್ಖಾನೆ, ನೌಕರರು, ನಕ್ಷೆಗಳು ಎಲ್ಲವೂ ಹೊಸ ಕಂಪನಿಗೆ ಸೇರಿದವು. ಆದರೆ ರೋಲ್ಸ್-ರಾಯ್ಸ್ ಎಂಬ ಹೆಸರು ಹಾಗೂ ಜೋಡಿ ಆರ್ ಅಕ್ಷರಗಳ ಚಿಹ್ನೆಯ ಒಡೆತನ ವಿಮಾನ ಎಂಜಿನ್ ಕಂಪನಿಯಲ್ಲಿಯೇ ಉಳಿಯಿತು. ಕಾರು ಕಂಪನಿಗೆ ದೊರೆತದ್ದು ಬಳಕೆಯ ಅನುಮತಿ. ಆ ದಿನಗಳಲ್ಲಿ ಇದೊಂದು ಸಣ್ಣ ಷರತ್ತಿನಂತೆ ಕಂಡಿರಬೇಕು.

1980ರಲ್ಲಿ ವಿಕರ್ಸ್ ಎಂಬ ಬ್ರಿಟಿಷ್ ಕಂಪನಿಯು ಕಾರು ಕಂಪನಿಯನ್ನು ಕೊಂಡಿತು. 1987ರಲ್ಲಿ ವಿಮಾನ ಎಂಜಿನ್ ಕಂಪನಿಯು ಮತ್ತೆ ಖಾಸಗಿ ವಲಯಕ್ಕೆ ಬಂದಿತು. 1998ರಲ್ಲಿ ವಿಕರ್ಸ್ ಕಾರುಗಳ ವ್ಯವಹಾರವನ್ನು ಮಾರಲು ಹೊರಟಾಗ ಬಿಎಂಡಬ್ಲ್ಯು ಕಂಪನಿಯು 34 ಕೋಟಿ ಪೌಂಡು ನೀಡಲು ಮುಂದಾಯಿತು. ಫೋಕ್ಸ್‌ವ್ಯಾಗನ್ ಕಂಪನಿಯು 43 ಕೋಟಿ ಪೌಂಡು ಕೂಗಿ ಹರಾಜನ್ನು ಗೆದ್ದಿತು. ಅದಕ್ಕೆ ಕ್ರೂ ಕಾರ್ಖಾನೆ, ಬೆಂಟ್ಲಿ ಹೆಸರು, ಮುಂಭಾಗದ ಪ್ರತಿಮೆ ಮತ್ತು ಜಾಲರಿಯ ಆಕಾರದ ಹಕ್ಕು ದೊರೆತವು. ರೋಲ್ಸ್-ರಾಯ್ಸ್ ಎಂಬ ಹೆಸರು ದೊರೆಯಲಿಲ್ಲ. ಹೆಸರಿನ ಒಡೆಯನಾದ ವಿಮಾನ ಎಂಜಿನ್ ಕಂಪನಿಯು, ಆ ಮೊದಲೇ ಜಂಟಿ ಉದ್ಯಮದಲ್ಲಿ ತನ್ನ ಪಾಲುದಾರನಾಗಿದ್ದ ಬಿಎಂಡಬ್ಲ್ಯುಗೆ ಅದನ್ನು ಬಳಸುವ ಹಕ್ಕನ್ನು 4 ಕೋಟಿ ಪೌಂಡುಗಳಿಗೆ ನೀಡಿತು.

ಇಷ್ಟಲ್ಲದೆ, ಕ್ರೂ ಕಾರ್ಖಾನೆಯ ಹೊಸ ಕಾರುಗಳಿಗೆ ಎಂಜಿನ್ ಒದಗಿಸುತ್ತಿದ್ದದ್ದೂ ಬಿಎಂಡಬ್ಲ್ಯು. ಹನ್ನೆರಡು ತಿಂಗಳ ತಿಳಿವಳಿಕೆ ಕೊಟ್ಟು ಸರಬರಾಜನ್ನು ನಿಲ್ಲಿಸುವ ಅಧಿಕಾರ ಅದಕ್ಕಿತ್ತು. ಹೀಗೆ ಒಬ್ಬರ ಬಳಿ ಹೆಸರು, ಇನ್ನೊಬ್ಬರ ಬಳಿ ಕಾರ್ಖಾನೆ ಮತ್ತು ಪ್ರತಿಮೆ ಎಂಬಂತಾಯಿತು. 1998ರ ಜುಲೈನಲ್ಲಿ ರಾಜಿಯಾಯಿತು. ಅದರಂತೆ 2002ರ ಅಂತ್ಯದವರೆಗೆ ಫೋಕ್ಸ್‌ವ್ಯಾಗನ್ ಕ್ರೂನಲ್ಲಿ ಆ ಹೆಸರಿನ ಕಾರುಗಳನ್ನು ತಯಾರಿಸಬಹುದಾಗಿತ್ತು. 2003ರ ಜನವರಿ 1ರಿಂದ ರೋಲ್ಸ್-ರಾಯ್ಸ್ ಕಾರು ಬಿಎಂಡಬ್ಲ್ಯುಗೆ ಸೇರಿತು. ಪ್ರತಿಮೆ ಮತ್ತು ಜಾಲರಿಯ ಹಕ್ಕುಗಳೂ ಅದಕ್ಕೆ ವರ್ಗವಾದವು.

ಬಿಎಂಡಬ್ಲ್ಯು ಇಂಗ್ಲೆಂಡಿನ ಗುಡ್‌ವುಡ್ ಎಂಬಲ್ಲಿ ಹೊಸ ಕಾರ್ಖಾನೆಯನ್ನು ಕಟ್ಟಿ ಫ್ಯಾಂಟಮ್ ಕಾರಿನೊಂದಿಗೆ ಆರಂಭಿಸಿತು. ಹಳೆಯ ಕಾರ್ಖಾನೆಯಾಗಲಿ ಹಳೆಯ ಎಂಜಿನ್ನಾಗಲಿ ಇಲ್ಲದೆಯೂ ಗಿರಾಕಿಗಳು ಹೆಸರಿನ ಹಿಂದೆ ಬಂದರು. ಆದರೆ ಹೆಸರಿನ ಮಟ್ಟಕ್ಕೆ ತಕ್ಕ ಸರಕನ್ನು ತಯಾರಿಸಲು ಹೊಸ ಒಡೆಯರು ಹಣವನ್ನೂ ಕಾಲವನ್ನೂ ವಿನಿಯೋಗಿಸಿದರೆಂಬುದನ್ನು ಮರೆಯುವಂತಿಲ್ಲ. ಫೋಕ್ಸ್‌ವ್ಯಾಗನ್ ಕೂಡ ಸಂಪೂರ್ಣವಾಗಿ ಸೋತಿತೆನ್ನಲಾಗದು. ಅದುವರೆಗೆ ನೆರಳಿನಲ್ಲಿದ್ದ ಬೆಂಟ್ಲಿಯನ್ನು ಬೆಳೆಸಿ, 2022ರಲ್ಲಿ 15,174 ಕಾರುಗಳನ್ನು ಮಾರಿತು. ಅದೇ ವರ್ಷ ರೋಲ್ಸ್-ರಾಯ್ಸ್ ಮಾರಿದ್ದು 6,021 ಕಾರುಗಳನ್ನು.

ಇಂದು ಈ ಹೆಸರಿನಲ್ಲಿ ಎರಡು ಕಂಪನಿಗಳಿವೆ ಎಂಬುದನ್ನು ನೆನಪಿಡಬೇಕು. 2010ರಲ್ಲಿ ಬೆಂಗಳೂರಿನ ಹಿಂದೂಸ್ತಾನ್ ಏರೋನಾಟಿಕ್ಸ್ ಸಂಸ್ಥೆಯೊಂದಿಗೆ ವಿಮಾನ ಎಂಜಿನ್ ಭಾಗಗಳ ತಯಾರಿಕೆಗಾಗಿ ಜಂಟಿ ಕಂಪನಿಯನ್ನು ಸ್ಥಾಪಿಸಿದ್ದು ಎಂಜಿನ್ ತಯಾರಿಸುವ ರೋಲ್ಸ್-ರಾಯ್ಸ್. ಕಾರು ತಯಾರಿಸುವ ಕಂಪನಿಗೂ ಅದಕ್ಕೂ ಒಡೆತನದ ಸಂಬಂಧವಿಲ್ಲ.

ಲೆಕ್ಕಪತ್ರದ ದೃಷ್ಟಿಯಿಂದ

ಪತನಕ್ಕೆ ಮುಂಚಿನ ವರ್ಷಗಳಲ್ಲಿ ಕಂಪನಿಯು ಎಂಜಿನ್ ಅಭಿವೃದ್ಧಿಯ ವೆಚ್ಚದ ಒಂದು ಭಾಗವನ್ನು ಆಯಾ ವರ್ಷದ ಲಾಭನಷ್ಟ ಖಾತೆಗೆ ಖರ್ಚು ಹಾಕದೆ, ಮುಂದೆ ಫಲ ನೀಡುವ ಆಸ್ತಿಯೆಂದು ಅಢಾವೆ ಪತ್ರಿಕೆಯಲ್ಲಿ ಮುಂದುವರಿಸುತ್ತಿತ್ತು. ಇದರಿಂದ ಲಾಭ ಹೆಚ್ಚಾಗಿ ಕಂಡಿತು. ನಗದು ಮಾತ್ರ ಕರಗುತ್ತಿತ್ತು. ಈ ಅನುಭವದ ಹಿನ್ನೆಲೆಯಲ್ಲಿ ಬ್ರಿಟನ್ನಿನಲ್ಲಿ 1977ರಲ್ಲಿ ಸಂಶೋಧನೆ ಮತ್ತು ಅಭಿವೃದ್ಧಿ ವೆಚ್ಚದ ಬಗ್ಗೆ ಕಟ್ಟುನಿಟ್ಟಿನ ಲೆಕ್ಕ ಮಾನದಂಡ ಜಾರಿಗೆ ಬಂದಿತು.

ಭಾರತದಲ್ಲಿ ಅಮೂರ್ತ ಆಸ್ತಿಗಳಿಗೆ ಸಂಬಂಧಿಸಿದ ಲೆಕ್ಕ ಮಾನದಂಡ 26 ಇದೇ ಎಚ್ಚರಿಕೆಯನ್ನು ಅನುಸರಿಸುತ್ತದೆ. ಸಂಶೋಧನೆಯ ವೆಚ್ಚವನ್ನು ಆಗಿಂದಾಗಲೇ ಖರ್ಚು ಹಾಕಬೇಕು. ಅಭಿವೃದ್ಧಿಯ ವೆಚ್ಚವನ್ನು ನಿಗದಿತ ಷರತ್ತುಗಳು ಪೂರೈಸಿದರೆ ಮಾತ್ರ ಆಸ್ತಿಯೆಂದು ತೋರಿಸಬಹುದು. ಸಂಸ್ಥೆಯು ತಾನೇ ಬೆಳೆಸಿಕೊಂಡ ಕೀರ್ತಿಮೌಲ್ಯ ಮತ್ತು ಬ್ರ್ಯಾಂಡ್ ಹೆಸರನ್ನು ಅಢಾವೆ ಪತ್ರಿಕೆಯಲ್ಲಿ ಆಸ್ತಿಯಾಗಿ ತೋರಿಸುವಂತಿಲ್ಲ. ಹಣ ಕೊಟ್ಟು ಕೊಂಡಾಗ ಮಾತ್ರ ಅದು ಅಂಕಿಯಾಗಿ ಪುಸ್ತಕಕ್ಕೆ ಇಳಿಯುತ್ತದೆ. ಆದುದರಿಂದ ಹೆಸರಿನ ರಕ್ಷಣೆಯನ್ನು ಲೆಕ್ಕದ ಪುಸ್ತಕ ಮಾಡಲಾರದು. ನೋಂದಣಿ ಮತ್ತು ಕರಾರುಪತ್ರಗಳೇ ಮಾಡಬೇಕು.

ವರ್ತಕರು ಮತ್ತು ಸಣ್ಣ ತಯಾರಕರು ಗಮನಿಸಬೇಕಾದ ಅಂಶಗಳು

1. ನೋಂದಣಿ: ವ್ಯಾಪಾರ ಚಿಹ್ನೆಗಳ 1999ರ ಕಾಯ್ದೆಯಡಿ ನೋಂದಣಿ ಹತ್ತು ವರ್ಷಗಳ ಅವಧಿಯದು ಮತ್ತು ಅವಧಿ ಮುಗಿದಂತೆಲ್ಲ ನವೀಕರಿಸಬಹುದು. ಜಿ.ಎಸ್.ಟಿ. ನೋಂದಣಿಯಾಗಲಿ, ಅಂಗಡಿ ಪರವಾನಗಿಯಾಗಲಿ, ಕಂಪನಿಯ ಹೆಸರಿನ ನೋಂದಣಿಯಾಗಲಿ ವ್ಯಾಪಾರ ಚಿಹ್ನೆಯ ಒಡೆತನವನ್ನು ಕೊಡುವುದಿಲ್ಲ. ಹೆಸರು, ಚಿತ್ರ, ಪೊಟ್ಟಣದ ವಿಶಿಷ್ಟ ರೂಪ ಇವು ಬೇರೆಬೇರೆ ಹಕ್ಕುಗಳೆಂಬುದನ್ನು ರೋಲ್ಸ್-ರಾಯ್ಸ್ ಪ್ರಕರಣ ತೋರಿಸಿದೆ.

2. ಯಾರ ಹೆಸರಿನಲ್ಲಿ: ಕುಟುಂಬದ ಉದ್ದಿಮೆಗಳಲ್ಲಿ ಚಿಹ್ನೆಯು ಒಬ್ಬ ಸದಸ್ಯರ ಹೆಸರಿನಲ್ಲಿ, ವ್ಯವಹಾರವು ಪಾಲುದಾರಿಕೆಯ ಹೆಸರಿನಲ್ಲಿ, ಕಟ್ಟಡವು ಮತ್ತೊಬ್ಬರ ಹೆಸರಿನಲ್ಲಿ ಇರುವುದು ಸಾಮಾನ್ಯ. ಉದಾಹರಣೆಗೆ, ತಂದೆ ಕಟ್ಟಿದ ಊದುಬತ್ತಿ ಉದ್ದಿಮೆಯನ್ನು ಇಬ್ಬರು ಮಕ್ಕಳು ಹಂಚಿಕೊಂಡರೆನ್ನೋಣ. ಹಿರಿಯರಿಗೆ ಕಾರ್ಖಾನೆ, ಕಿರಿಯರಿಗೆ ಪೇಟೆಯ ಮಳಿಗೆ ಎಂದು ವಿಭಾಗಪತ್ರದಲ್ಲಿ ಬರೆದು, ಹೆಸರಿನ ಬಗ್ಗೆ ಒಂದು ಸಾಲನ್ನೂ ಬರೆಯದಿದ್ದರೆ, ಕ್ರೂ ಮತ್ತು ಗುಡ್‌ವುಡ್‌ಗಳ ವಿವಾದ ಆ ಮನೆಯಲ್ಲಿಯೇ ಆರಂಭವಾಗುತ್ತದೆ.

3. ಪಾಲುದಾರಿಕೆ ಪತ್ರ: 1932ರ ಪಾಲುದಾರಿಕೆ ಕಾಯ್ದೆಯ 14ನೆಯ ಕಲಮಿನಂತೆ, ಬೇರೆ ಕರಾರು ಇಲ್ಲದಿದ್ದಲ್ಲಿ, ಕೀರ್ತಿಮೌಲ್ಯವು ಸಂಸ್ಥೆಯ ಸ್ವತ್ತು. 55ನೆಯ ಕಲಮಿನಂತೆ ವಿಸರ್ಜನೆಯ ಬಳಿಕ ಅದನ್ನು ಇತರ ಆಸ್ತಿಯೊಂದಿಗೆ ಅಥವಾ ಪ್ರತ್ಯೇಕವಾಗಿ ಮಾರಬಹುದು. ಹಾಗೆ ಮಾರಿದ ಮೇಲೆ ಪಾಲುದಾರನು ಸ್ಪರ್ಧಾತ್ಮಕ ವ್ಯಾಪಾರ ನಡೆಸಬಹುದಾದರೂ, ಬೇರೆ ಕರಾರು ಇಲ್ಲದಿದ್ದಲ್ಲಿ, ಸಂಸ್ಥೆಯ ಹೆಸರನ್ನು ಬಳಸುವಂತಿಲ್ಲ, ಹಳೆಯ ಗಿರಾಕಿಗಳನ್ನು ಸೆಳೆಯುವಂತಿಲ್ಲ. ಪಾಲುದಾರಿಕೆ ಪತ್ರದಲ್ಲಿ ಈ ವಿಷಯವನ್ನು ಸ್ಪಷ್ಟವಾಗಿ ಬರೆಯುವುದು ಲೇಸು.

4. ಖರೀದಿಗೆ ಮುನ್ನ: ನಡೆಯುತ್ತಿರುವ ವ್ಯಾಪಾರವನ್ನು ಕೊಳ್ಳುವವರು ಸ್ಥಿರಾಸ್ತಿಯ ದಾಖಲೆಗಳನ್ನು ಪರಿಶೀಲಿಸುವಷ್ಟೇ ಶ್ರದ್ಧೆಯಿಂದ ಹೆಸರಿನ ನೋಂದಣಿ, ಪರವಾನಗಿ ಷರತ್ತು, ಮುಖ್ಯ ಸರಬರಾಜುದಾರರೊಂದಿಗಿನ ಕರಾರುಗಳನ್ನು ಪರಿಶೀಲಿಸಬೇಕು. 2021ರ ಹಣಕಾಸು ಕಾಯ್ದೆಯು ಆದಾಯ ತೆರಿಗೆಯಲ್ಲಿ ಕೀರ್ತಿಮೌಲ್ಯದ ಮೇಲಿನ ಸವಕಳಿಯನ್ನು ನಿಲ್ಲಿಸಿತು. ವ್ಯಾಪಾರ ಚಿಹ್ನೆ, ಪರವಾನಗಿ ಮುಂತಾದವುಗಳ ಸವಕಳಿಯನ್ನು ಅದು ಮುಟ್ಟಲಿಲ್ಲ. ಆದ್ದರಿಂದ ಕ್ರಯಪತ್ರದಲ್ಲಿ ಯಾವ ಆಸ್ತಿಗೆ ಎಷ್ಟು ಬೆಲೆ ಎಂಬುದನ್ನು ವಾಸ್ತವಕ್ಕೆ ಅನುಗುಣವಾಗಿ ಬೇರ್ಪಡಿಸಿ ಬರೆಯಬೇಕು.

5. ನಿಗದಿತ ಬೆಲೆಯ ಕರಾರು: ದೊಡ್ಡ ಗಿರಾಕಿಯ ಆದೇಶ ದೊರೆತ ಸಂತೋಷದಲ್ಲಿ ಸಣ್ಣ ತಯಾರಕರು ವರ್ಷವಿಡೀ ಒಂದೇ ದರಕ್ಕೆ ಒಪ್ಪಿಕೊಳ್ಳುವುದುಂಟು. ಕಚ್ಚಾ ಮಾಲಿನ ಬೆಲೆ ಏರಿದರೆ ದರ ಪರಿಷ್ಕರಿಸುವ ಷರತ್ತು, ವಿನ್ಯಾಸ ಬದಲಾದರೆ ಹೆಚ್ಚುವರಿ ವೆಚ್ಚದ ಹೊಣೆ, ವಿಳಂಬದ ದಂಡಕ್ಕೆ ಮಿತಿ, ಇವು ಮೂರೂ ಇಲ್ಲದ ಆದೇಶವು ಎಷ್ಟೇ ದೊಡ್ಡದಾಗಿದ್ದರೂ ಅಪಾಯಕಾರಿ. ಇನ್ನೂ ತಯಾರಿಸಿ ನೋಡದ ಸರಕಿಗೆ ನಿಗದಿತ ಬೆಲೆ ಒಪ್ಪುವುದಂತೂ ಮತ್ತಷ್ಟು ಅಪಾಯಕಾರಿ.

6. ನಿಜವಾದ ಲಾಭ: ಖರ್ಚನ್ನು ಆಸ್ತಿಯೆಂದು ತೋರಿಸಿ ಬ್ಯಾಂಕಿಗೆ ಚೆಂದದ ಅಢಾವೆ ಪತ್ರಿಕೆಯನ್ನು ಸಲ್ಲಿಸುವುದರಿಂದ ಸಾಲ ದೊರೆಯಬಹುದು, ಆದರೆ ಮರುಪಾವತಿಗೆ ಬೇಕಾದ ನಗದು ದೊರೆಯದು. ಲಾಭದ ಜೊತೆಗೆ ನಗದಿನ ಹರಿವನ್ನು ಪ್ರತಿ ತಿಂಗಳೂ ಗಮನಿಸುವುದು ಅವಶ್ಯ.

ರಾಯ್ಸ್ ಅವರ ಕಾರ್ಯಾಗಾರದಲ್ಲಿ ಆರಂಭವಾದ ಹೆಸರು, ಸ್ಥಾಪಕರ ಮರಣ, ಎರಡು ಮಹಾಯುದ್ಧಗಳು, ಒಂದು ದಿವಾಳಿ, ಹಲವು ಮಾರಾಟಗಳನ್ನು ದಾಟಿ ಉಳಿದಿದೆ. ಅದನ್ನು ಬೆಳೆಸಿದ್ದು ಸರಕಿನ ಗುಣ; ಅದು ಯಾರ ಪಾಲಾಗಬೇಕೆಂದು ತೀರ್ಮಾನಿಸಿದ್ದು ಕರಾರಿನ ಒಂದು ಕಲಮು. ಸರಕಿನ ಗುಣಕ್ಕೆ ನಮ್ಮ ಉದ್ಯಮಿಗಳು ಕೊಡುವ ಗಮನವನ್ನು ಆ ಕಲಮಿಗೂ ಕೊಟ್ಟಲ್ಲಿ, ಒಂದು ತಲೆಮಾರು ದುಡಿದು ಗಳಿಸಿದ ಹೆಸರು ಮುಂದಿನ ತಲೆಮಾರಿಗೆ ವ್ಯಾಜ್ಯವಾಗಿ ಅಲ್ಲದೆ ಆಸ್ತಿಯಾಗಿ ದೊರೆಯುತ್ತದೆ.